ಬೋರಿನ ನೀರಿಗೆ ಯಾವ ಮನೆ ಸಾಬೂನು? ಕಲಬುರಗಿಯ ಬಚ್ಚಲಿನಿಂದ ಒಂದು ಹೋಲಿಕೆ

ಸಾಬೂನು ಮಾಡೋದು ಕಲಿಯುವ ಮೊದಲು ನಿಮ್ಮ ಬಚ್ಚಲಿನ ಬಕೆಟ್ ಒಮ್ಮೆ ನೋಡಿ. ಒಳಗೆ ಬಿಳಿ ಪೊರೆ ಕಟ್ಟಿದೆಯಾ? ನಳದ ಬಾಯಿಗೆ ಸುಣ್ಣ ಮೆತ್ತಿದ ಹಾಗಿದೆಯಾ? ಸ್ಟೀಲ್ ತಂಬಿಗೆ ಒಣಗಿದ ಮೇಲೆ ಚುಕ್ಕೆ ಚುಕ್ಕೆ ಉಳಿಯುತ್ತದಾ? ಹಾಗಿದ್ದರೆ ನಿಮ್ಮದು ಗಡಸು ನೀರು. ಯಾವ ಬಗೆಯ ಸಾಬೂನು ಮಾಡಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಾನು ಇದನ್ನು ತಡವಾಗಿ ಕಲಿತೆ. ಮೊದಲ ವರ್ಷ ಬರೀ ವಿಡಿಯೋ ನೋಡಿ ಮಾಡಿದೆ. ವಿಡಿಯೋದವರ ಕೈಯಲ್ಲಿ ಹಾಲಿನ ಕೆನೆಯಂಥ ನೊರೆ. ನನ್ನ ಕೈಯಲ್ಲಿ ಹಾಲು ಒಡೆದ ಹಾಗೆ ಬಿಳಿ ಚೂರು. ಮೈ ತೊಳೆದಷ್ಟೂ ಜಿಗಿಜಿಗಿ. ಸಾಬೂನೇ ಕೆಟ್ಟಿದೆ ಅಂದುಕೊಂಡು ಎರಡು ಸಲ ಎಸೆದೆ. ಮೂರನೆಯ ಸಲದ್ದನ್ನು ತವರಿಗೆ ಒಯ್ದಿದ್ದೆ. ಅಲ್ಲಿ ಮಾಳಿಗೆಯಿಂದ ಹಿಡಿದ ಮಳೆ ನೀರಲ್ಲಿ ಕೈ ತೊಳೆದರೆ ನೊರೆ ಉಕ್ಕಿ ಬಂತು. ಅದೇ ಸಾಬೂನು, ಅದೇ ಕೈ. ನೀರು ಮಾತ್ರ ಬೇರೆ.

ನಮ್ಮ ಜಿಲ್ಲೆಯ ದಕ್ಷಿಣದ ನೆಲದಡಿ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಎಂದು ಮನೆಮನೆಗೆ ಹಾಸಿರುವುದು ಅದೇ. ಸೇಡಂ, ವಾಡಿ, ಚಿತ್ತಾಪುರದ ಕಡೆ ಸಿಮೆಂಟ್ ಆಗುವುದೂ ಅದರಿಂದಲೇ. ಎರಿ ಹೊಲ ಅಗೆದರೂ ಸುಣ್ಣದ ಹರಳು ಸಿಗುತ್ತವೆ. ಇಂಥ ನೆಲದಲ್ಲಿ ನಿಂತ ನೀರು ಬೋರಿನಿಂದ ಮೇಲೆ ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತೇ ಬರುತ್ತದೆ. ಸಾಬೂನು ಮೊದಲು ಇವುಗಳ ಜೊತೆ ಸೇರಿ, ನೀರಲ್ಲಿ ಕರಗದ ಚೂರು ಆಗುತ್ತದೆ. ಆ ಕ್ಯಾಲ್ಸಿಯಂ ಎಲ್ಲ ತೀರಿದ ಮೇಲಷ್ಟೇ ನೊರೆ. ಅಂದರೆ ನೀವು ಕಷ್ಟಪಟ್ಟು ಮಾಡಿದ ಸಾಬೂನಿನ ಒಂದು ಪಾಲು ಮೈಗೆ ತಾಕುವುದೇ ಇಲ್ಲ, ನೀರಿಗೇ ಹೋಗುತ್ತದೆ.

ಸುಮ್ನೆ ಅಂದಾಜು ಮಾಡಬೇಡಿ, ಪರೀಕ್ಷೆ ಮಾಡಿ. ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಫಿಲ್ಟರ್ ಪ್ಲಾಂಟಿನ ಕುಡಿಯುವ ನೀರು, ಅರ್ಧರ್ಧ. ಎರಡಕ್ಕೂ ಚಿಟಿಕೆಯಷ್ಟು ಸಾಬೂನು ಹೆರೆದು ಹಾಕಿ, ಒಂದೇ ಸಮ ಅಲುಗಾಡಿಸಿ. ಒಂದರಲ್ಲಿ ನೊರೆ ನಿಂತು, ಇನ್ನೊಂದರಲ್ಲಿ ನೀರು ಬರೀ ಕದಡಿದರೆ ನಿಮಗೆ ವಿಷಯ ತಿಳಿಯಿತು. ನಮ್ಮ ಮನೆಯಲ್ಲಿ ನಳದ ನೀರು ಬರುವ ದಿನ ನೊರೆ ಜಾಸ್ತಿ, ಬೋರ್ ಹಚ್ಚಿದ ದಿನ ಕಡಿಮೆ. ನಗರದ ನಳಕ್ಕೆ ಬರುವುದು ಭೀಮಾ, ಬೆಣ್ಣೆತೊರೆ ಹೊಳೆಗಳ ನೀರು. ಹೊಳೆ ನೀರಿಗೂ ಬೋರಿಗೂ ಅಷ್ಟು ವ್ಯತ್ಯಾಸ.

ಮನೆಯಲ್ಲಿ ಮಾಡಲು ದಾರಿ ನಾಲ್ಕು. ಸಾಬೂನೇ ಬೇಡವೆಂದು ಹಿಟ್ಟು, ಕಾಯಿಗಳಲ್ಲಿ ಸ್ನಾನ ಮಾಡುವುದು ಒಂದು. ತಯಾರಿರುವ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹೊಯ್ಯುವುದು ಇನ್ನೊಂದು. ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಕಲಸಿ, ಬೇಯಿಸದೆ ವಾರಗಟ್ಟಲೆ ಹಣ್ಣಾಗಲು ಬಿಡುವುದು ಮೂರನೆಯದು. ಇದಕ್ಕೆ ಕೋಲ್ಡ್ ಪ್ರೊಸೆಸ್ ಅನ್ನುತ್ತಾರೆ. ಅದನ್ನೇ ಒಲೆ ಮೇಲೆ ಬೇಯಿಸಿದರೆ ಹಾಟ್ ಪ್ರೊಸೆಸ್. ಒಂದು ಮಾತು ಮೊದಲೇ ಹೇಳುತ್ತೇನೆ. ದುಡ್ಡು ಉಳಿಸಲು ಮಾಡುವುದಾದರೆ ಬಿಡಿ. ಕೊಬ್ಬರಿ ಎಣ್ಣೆ ಕೊಂಡು ಮಾಡಿದ ಸಾಬೂನು ಅಂಗಡಿಯ ಸಾದಾ ಸಾಬೂನಿಗಿಂತ ಅಗ್ಗ ಆಗುವುದಿಲ್ಲ. ಹಿಟ್ಟು ಮತ್ತು ಕಾಯಿ ಮಾತ್ರ ಇದಕ್ಕೆ ಹೊರತು.

ಹಿಟ್ಟು, ಸೀಗೆ, ಅಂಟುವಾಳ

ಗಡಸು ನೀರಿನ ಮನೆಗೆ ನನ್ನ ಮೊದಲ ಓಟು ಇದಕ್ಕೇ. ಹಳೆಯ ಕಾಲದ್ದು ಅನ್ನುವ ಪ್ರೀತಿಯಿಂದ ಹೇಳುತ್ತಿಲ್ಲ. ಅಂಟುವಾಳ ಮತ್ತು ಸೀಗೆಕಾಯಿಯಲ್ಲಿ ಕೊಳೆ ತೆಗೆಯುವುದು ಸಪೋನಿನ್ ಎಂಬ ವಸ್ತು. ಅದು ಎಣ್ಣೆಯಿಂದ ಆದ ಸಾಬೂನಲ್ಲ. ಹಾಗಾಗಿ ಕ್ಯಾಲ್ಸಿಯಂ ಜೊತೆ ಸೇರಿ ಚೂರು ಕಟ್ಟುವುದಿಲ್ಲ. ಬೋರಿನ ನೀರಲ್ಲಿ ಸಾಬೂನು ಹಚ್ಚಿದ ಕೂದಲು ಹಗ್ಗದ ಹಾಗಾಗುತ್ತದೆ ಎಂದು ದೂರುವವರು ಅಂಟುವಾಳ ಒಂದು ತಿಂಗಳು ಹಚ್ಚಿ ನೋಡಲಿ.

ಎಂಟು ಹತ್ತು ಅಂಟುವಾಳದ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಹದಿನೈದು ನಿಮಿಷ ಕುದಿಸಿ, ಕಿವುಚಿ, ಸೋಸಿ. ಅಷ್ಟೇ ಕೆಲಸ. ಫ್ರಿಜ್ಜಿನಲ್ಲಿ ಇಟ್ಟರೂ ಮೂರು ದಿನಕ್ಕಿಂತ ಇಡಬೇಡಿ, ಹುಳಿ ವಾಸನೆ ಬರುತ್ತದೆ. ಹೊರಗಿಟ್ಟರೆ ಬೇಸಿಗೆಯಲ್ಲಿ ಮರುದಿನವೇ ಕೆಡುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಪ್ರಾಣ ಹೋದ ಹಾಗೆ ಉರಿಯುತ್ತದೆ. ಚಿಕ್ಕ ಮಕ್ಕಳ ತಲೆಗೆ ಇದು ಬೇಡ.

ಮೈಗೆ ಹೆಸರು ಹಿಟ್ಟು ಎರಡು ಪಾಲು, ಕಡಲೆ ಹಿಟ್ಟು ಒಂದು ಪಾಲು. ಬೇಕಿದ್ದರೆ ಒಣಗಿದ ಗುಲಾಬಿ ಪಕಳೆ, ಚೂರು ಅರಿಷಿಣ. ತೊಗರಿಯ ಊರಲ್ಲಿದ್ದು ಹೆಸರು ಹಿಟ್ಟು ಅನ್ನುತ್ತೀರಲ್ಲ ಎಂದು ಒಬ್ಬರು ಕೇಳಿದ್ದರು. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ನಮ್ಮ ತೊಗರಿ ಬೇಳೆಯನ್ನು ಸಾರಿಗೇ ಇಟ್ಟುಕೊಳ್ಳೋಣ, ಬಚ್ಚಲಿಗೆ ಹೆಸರು ಸಾಕು. ಎಣ್ಣೆ ಸ್ನಾನದ ದಿನ ಹಿಟ್ಟಿನ ಮುಂದೆ ಯಾವ ಸಾಬೂನೂ ನಿಲ್ಲುವುದಿಲ್ಲ. ಮೈಮೇಲಿನ ಎಣ್ಣೆಯನ್ನು ಹಿಟ್ಟು ಹೀರುತ್ತದೆ, ಆದರೆ ಚರ್ಮ ಬಿರಿಯುವಷ್ಟು ತೆಗೆಯುವುದಿಲ್ಲ. ಮುಲ್ತಾನಿ ಮಿಟ್ಟಿಯ ಕಥೆ ಹಾಗಲ್ಲ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಹಚ್ಚಿದರೆ ಮೊಣಕಾಲು ಬೂದಿ ಬಳಿದಂತೆ ಕಾಣುತ್ತದೆ.

ತೊಂದರೆ ಎಲ್ಲಿ ಅಂದರೆ ಮೋರಿಯಲ್ಲಿ. ಕಡಲೆ ಹಿಟ್ಟು ಪೈಪಿನ ಬಗ್ಗಿನಲ್ಲಿ ನಿಂತು ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ದೀಪಾವಳಿ ಮುಗಿದ ಮರುದಿನ ಪ್ಲಂಬರ್ ಕರೆಸಬೇಕಾಯಿತು. ಆತ ಕಡ್ಡಿ ಹಾಕಿ ಎಳೆದಾಗ ಬಂದದ್ದನ್ನು ನೋಡಿ, "ಅಕ್ಕಾರ, ಇಲ್ಲಿ ಯಾರರ ಝುಣಕ ಮಾಡ್ಯಾರೇನ್ರಿ?" ಎಂದು ಕೇಳಿದ. ಅಂದಿನಿಂದ ಮೋರಿಯ ಜಾಳಿಗೆಯ ಮೇಲೆ ಹಳೆ ಮಲ್ ಬಟ್ಟೆ ಹಾಸುತ್ತೇವೆ.

ಬೇಸ್ ಕರಗಿಸಿ ಹೊಯ್ಯುವುದು

ಬೇಸ್ ಅಂದರೆ ಬೇರೆಯವರು ಕಾಸ್ಟಿಕ್ ಕೆಲಸ ಮುಗಿಸಿ ಕೊಟ್ಟ ಸಾಬೂನು. ನೀವು ತುಂಡು ಮಾಡಿ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಣ್ಣ ವಾಸನೆ ಸೇರಿಸಿ, ಅಚ್ಚಿಗೆ ಹೊಯ್ಯುತ್ತೀರಿ. ಒಂದೆರಡು ತಾಸಿನಲ್ಲಿ ಗಟ್ಟಿ. ಅದೇ ದಿನ ಸ್ನಾನ. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಬಹುದಾದ್ದು ಇದೊಂದೇ. ಆದರೂ ಬಿಸಿ ಬೇಸ್ ಪಾಕದ ಹಾಗೆ ಅಂಟಿ ಸುಡುತ್ತದೆ, ಹೊಯ್ಯುವ ಕೆಲಸ ದೊಡ್ಡವರೇ ಮಾಡಿ. ಕುದಿಯಲು ಬಿಡಬೇಡಿ. ಕುದ್ದರೆ ನೀರು ಆರಿ ಬೇಸ್ ರಬ್ಬರಿನಂತೆ ಆಗುತ್ತದೆ.

"ಇದರಲ್ಲಿ ಕೆಮಿಕಲ್ ಇಲ್ಲ" ಎಂದು ಯಾರಾದರೂ ಮಾರಿದರೆ ನಂಬಬೇಡಿ. ಕಾಸ್ಟಿಕ್ ಇಲ್ಲದೆ ಸಾಬೂನಿನ ಬಿಲ್ಲೆ ಆಗುವುದಿಲ್ಲ. ಎಣ್ಣೆಯ ಜೊತೆ ಸೇರಿ ಮುಗಿದ ಮೇಲೆ ಕಾಸ್ಟಿಕ್ ಕಾಸ್ಟಿಕ್ ಆಗಿ ಉಳಿದಿರುವುದಿಲ್ಲ, ಅದು ಬೇರೆ ಮಾತು. ಬೇಸಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರ ಓದಿ. ಎಷ್ಟೋ ಬೇಸ್‌ಗಳಲ್ಲಿ ಶಾಂಪೂಗೆ ಹಾಕುವ ನೊರೆ ಪದಾರ್ಥವೂ ಇರುತ್ತದೆ. ಬೋರಿನ ನೀರಲ್ಲೂ ಅವು ಚೆನ್ನಾಗಿ ನೊರೆ ಬರುವುದು ಅದರಿಂದಲೇ. ಆ ಪದಾರ್ಥ ಇಲ್ಲದ ಬೇಸ್ ತಂದರೆ ನಮ್ಮ ನೀರಲ್ಲಿ ಮತ್ತೆ ಹಳೆ ಚೂರಿನ ಕಥೆ. ನಿಮಗೆ ನೊರೆ ಬೇಕೋ, ಪದಾರ್ಥದ ಪಟ್ಟಿ ಚಿಕ್ಕದಿರಬೇಕೋ, ಒಂದನ್ನು ಆರಿಸಿ.

ಸೋಪ್ ಬೇಸ್‌ಗೆ ಹಸಿ ವಸ್ತು ಹಾಕಬೇಡಿ. ಹಾಲು, ತುರಿದ ಸವತೆ, ಲೋಳೆಸರದ ತಿರುಳು ಎಲ್ಲ ಅದರೊಳಗೆ ಕೊಳೆಯುತ್ತವೆ. ಒಳಗೆ ಬೂಷ್ಟು ಹಿಡಿದ ಪಾರದರ್ಶಕ ಸಾಬೂನು ನೋಡಲು ಹೇಗಿರುತ್ತದೆ ಎಂದು ಕೇಳಬೇಡಿ. ಒಣ ಪುಡಿ ಸಾಕು. ಮಳೆಗಾಲದಲ್ಲಿ ಇನ್ನೊಂದು ಕಾಟ. ಬೇಸಿನಲ್ಲಿ ಗ್ಲಿಸರಿನ್ ಜಾಸ್ತಿ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಲ್ಲೆ ಮೇಲೆ ಬೆವರಿನ ಹನಿ ಕೂರುತ್ತದೆ. ಕೆಟ್ಟಿಲ್ಲ, ಒರೆಸಿ ಪ್ಲಾಸ್ಟಿಕ್ ಹಾಳೆ ಸುತ್ತಿಡಿ. ಏಪ್ರಿಲ್, ಮೇ ಒಣ ಬಿಸಿಲಲ್ಲಿ ಈ ಬೆವರು ಇಲ್ಲ, ಆದರೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ.

ಕೋಲ್ಡ್ ಪ್ರೊಸೆಸ್

ನನ್ನ ಮನಸ್ಸು ಇರುವುದು ಇಲ್ಲಿ. ಎಣ್ಣೆ ಯಾವುದು, ಎಷ್ಟು ಅನ್ನುವುದು ನಿಮ್ಮ ಕೈಯಲ್ಲಿ ಇರುತ್ತದೆ. ನೀರಿಗೆ ತಕ್ಕ ಹಾಗೆ ಸಾಬೂನನ್ನು ಕಟ್ಟಬಹುದು. ಆದರೆ ಕಾಸ್ಟಿಕ್ ಸೋಡಾ ಮುಟ್ಟಬೇಕು. ಅಡುಗೆ ಸೋಡಾ ಅಲ್ಲ, ಬಟ್ಟೆ ಸೋಡಾ ಅಲ್ಲ, ಮೋರಿ ಸ್ವಚ್ಛ ಮಾಡುವ ಪುಡಿಯೂ ಅಲ್ಲ. ಆ ಪುಡಿಯಲ್ಲಿ ಬೇರೆ ಏನೇನೋ ಬೆರೆಸಿರುತ್ತಾರೆ. ಕೆಮಿಕಲ್ ಅಂಗಡಿಯಲ್ಲಿ ಸಿಗುವ ಬಿಳಿ ಚೂರಿನ ಕಾಸ್ಟಿಕ್ ಬೇಕು.

ಯಾವ ಎಣ್ಣೆಗೆ ಎಷ್ಟು ಕಾಸ್ಟಿಕ್ ಎಂಬುದು ರುಚಿ ನೋಡಿ ಹಾಕುವ ಉಪ್ಪಲ್ಲ. ಒಂದೊಂದು ಎಣ್ಣೆಗೂ ಒಂದೊಂದು ಅಂಕಿ ಇದೆ. ಕೊಬ್ಬರಿ ಎಣ್ಣೆ ಒಂದು ಗ್ರಾಂಗೆ 0.183 ಗ್ರಾಂ. ಶೇಂಗಾ ಎಣ್ಣೆಗೆ 0.136. ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, 0.128. ಎಳ್ಳೆಣ್ಣೆ 0.134ರ ಹತ್ತಿರ, ಬೇವಿನ ಎಣ್ಣೆ 0.139ರ ಹತ್ತಿರ. ಎಣ್ಣೆ ಬದಲಿಸಿದರೆ ಲೆಕ್ಕ ಬದಲಾಯಿಸಲೇಬೇಕು. ಅಂತರ್ಜಾಲದಲ್ಲಿ ಪುಕ್ಕಟೆ ಲೆಕ್ಕ ಹಾಕಿಕೊಡುವ ಸೋಪ್ ಕ್ಯಾಲ್ಕುಲೇಟರ್ ಇವೆ, ಪ್ರತಿ ಸಲ ಅದರಲ್ಲಿ ತಾಳೆ ನೋಡಿ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಶುರು ಮಾಡಲೇಬೇಡಿ. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ.

ನಮ್ಮ ನೀರಿಗೆ ನಾನು ಈಗ ಮಾಡುವ ಅಳತೆ ಇದು. ಕೊಬ್ಬರಿ ಎಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 250 ಗ್ರಾಂ, ಔಡಲ ಎಣ್ಣೆ 50 ಗ್ರಾಂ. ಒಟ್ಟು 500. ಇಷ್ಟೂ ಎಣ್ಣೆಗೆ ಪೂರ್ತಿ ಲೆಕ್ಕ 77 ಗ್ರಾಂ ಕಾಸ್ಟಿಕ್. ಅದರಲ್ಲಿ ನೂರಕ್ಕೆ ಐದರಷ್ಟು ಕಡಿಮೆ ಹಾಕುತ್ತೇನೆ, 73 ಗ್ರಾಂ. ಹೀಗೆ ಮಾಡಿದರೆ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ಮೆತ್ತಗಿರುತ್ತದೆ, ಕಾಸ್ಟಿಕ್ ಉಳಿಯುವ ಭಯವೂ ಇಲ್ಲ. ನೀರು 150 ಗ್ರಾಂ. ನೀರು ಮಾತ್ರ ಫಿಲ್ಟರ್ ಪ್ಲಾಂಟಿನದ್ದೇ ಇರಲಿ. ಬೋರಿನ ನೀರು ಹಾಕಿದರೆ ಸಾಬೂನಿನೊಳಗೇ ಚೂರು ಕಟ್ಟುತ್ತದೆ.

ಕೊಬ್ಬರಿ ಎಣ್ಣೆ ಇಷ್ಟು ಯಾಕೆ? ಗಡಸು ನೀರಲ್ಲೂ ನೊರೆ ಬರುವ ಎಣ್ಣೆ ಅದು. ಹಾಗಂತ ಪೂರ್ತಿ ಅದನ್ನೇ ಹಾಕಿದರೆ ಮೈ ಬಿಗಿಯುತ್ತದೆ. ಔಡಲ ಎಣ್ಣೆ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಜಾಸ್ತಿ ಹಾಕಿದರೆ ಅಂಟು. ಇಷ್ಟಾದರೂ ಚೂರು ಬರುತ್ತದೆ ಅನ್ನುವವರಿಗೆ ಒಂದು ಉಪಾಯ ಇದೆ. ಅದೇ ನೀರಿಗೆ ಮೊದಲು 10 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಲಿಂಬಿ ಉಪ್ಪು, ಕರಗಿಸಿ. ಅದು ಕಾಸ್ಟಿಕ್‌ನ ಒಂದು ಪಾಲನ್ನು ತಿನ್ನುತ್ತದೆ, ಹಾಗಾಗಿ ಕಾಸ್ಟಿಕ್ 6 ಗ್ರಾಂ ಹೆಚ್ಚಿಸಿ 79 ಮಾಡಿ. ಇವೆರಡೂ ಸೇರಿ ಆದ ಉಪ್ಪು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ನನ್ನ ಬಕೆಟ್ಟಿನ ಅಂಚಿನ ಬೂದು ಗೆರೆ ಇದರಿಂದ ಎಷ್ಟೋ ಕಡಿಮೆಯಾಯಿತು. ಒಂದು ಹತ್ತು ಗ್ರಾಂ ಪುಡಿ ಇಷ್ಟು ಕೆಲಸ ಮಾಡುತ್ತದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಎರಡು ಬ್ಯಾಚ್ ಉಳಿಯುತ್ತಿತ್ತು.

ಈಗ ಕುಸುಬಿಯ ಮಾತು. ನಮ್ಮ ಕಡೆ ಎಣ್ಣೆ ಅಂದರೆ ಕುಸುಬಿ. ರೊಟ್ಟಿಗೆ ಖಾರ, ಖಾರಕ್ಕೆ ಕುಸುಬಿ ಎಣ್ಣೆ. ಊರಿನ ಎಣ್ಣೆಯಲ್ಲೇ ಸಾಬೂನು ಮಾಡಬೇಕು ಎಂದು ನಾನೂ ಹಟ ಹಿಡಿದೆ. ಗಾಣದಿಂದ ತಂದ ಕುಸುಬಿಯನ್ನು ಅರ್ಧಕ್ಕರ್ಧ ಹಾಕಿ ಮಾರ್ಚ್‌ನಲ್ಲಿ ಮಾಡಿಟ್ಟೆ. ಅತ್ತಿ ನೋಡಿ, "ಇಷ್ಟ್ ಎಣ್ಣಿ ಸುರುವಿದಿ, ವರ್ಷದ ಉಪ್ಪಿನಕಾಯಿಗಿ ಆಗ್ತಿತ್ತಲ್ಲವ್ವ" ಅಂದರು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಬಿಲ್ಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದವು. ಕಮಟು ವಾಸನೆ. ಅತ್ತಿಯ ಮಾತೇ ಸರಿ ಇತ್ತು. ಕುಸುಬಿಯಲ್ಲಿ ಲಿನೋಲಿಕ್ ಆಮ್ಲ ತುಂಬಾ ಜಾಸ್ತಿ, ಸುಮಾರು ಮುಕ್ಕಾಲು ಪಾಲು. ಅಂಥ ಎಣ್ಣೆ ಗಾಳಿ, ಬಿಸಿಗೆ ಬೇಗ ಕಮಟುತ್ತದೆ. ಸೂರ್ಯಕಾಂತಿಯದ್ದೂ ಇದೇ ಗುಣ. ಅಗಸಿ ಎಣ್ಣೆ ಇನ್ನೂ ಬೇಗ. ಕುಸುಬಿ ಹಾಕಲೇಬೇಕು ಅಂದರೆ ನೂರಕ್ಕೆ ಹತ್ತರಷ್ಟು ಸಾಕು, ಅದೂ ಬೇಸಿಗೆಗೆ ಮೊದಲು ತೀರುವಷ್ಟೇ ಮಾಡಿ.

ಬೇವಿನ ಎಣ್ಣೆ ಕೇಳುವವರು ಬಹಳ. ಹಾಕಿ, ಆದರೆ ನೂರಕ್ಕೆ ಹತ್ತರಿಂದ ಹದಿನೈದು ಪಾಲಿಗೆ ನಿಲ್ಲಿಸಿ. ಅದರ ವಾಸನೆ ಏನು ಹಾಕಿದರೂ ಮುಚ್ಚುವುದಿಲ್ಲ. ಮನೆಯವರು ಬಚ್ಚಲಿಗೆ ಹೋಗಲು ಹಿಂಜರಿದರೆ ನನ್ನನ್ನು ಬೈಯಬೇಡಿ.

ಕೆಲಸದ ಕ್ರಮಕ್ಕೆ ಬರೋಣ. ಮಕ್ಕಳು ಸಾಲಿಗೆ ಹೋದ ಹೊತ್ತು ನೋಡಿ. ಕೈಗವಸು, ಕನ್ನಡಕ, ತುಂಬು ತೋಳಿನ ಬಟ್ಟೆ. ಕಿಟಕಿ ತೆರೆದಿರಲಿ. ಎರಡು ಬಕೆಟ್ ಸಾದಾ ನೀರು ಪಕ್ಕದಲ್ಲಿ ತುಂಬಿಡಿ. ನಳ ಬರದ ದಿನ, ಟ್ಯಾಂಕ್ ಖಾಲಿ ಇರುವ ದಿನ ಕಾಸ್ಟಿಕ್ ಡಬ್ಬಿ ತೆರೆಯಲೇಬೇಡಿ. ಕೈಗೆ ಸಿಡಿದರೆ ಮಾಡಬೇಕಾದ್ದು ಒಂದೇ, ಹದಿನೈದು ಇಪ್ಪತ್ತು ನಿಮಿಷ ನೀರು ಹೊಯ್ಯುತ್ತಲೇ ಇರುವುದು. ಕಣ್ಣಿಗೆ ಸಿಡಿದರೆ ಹಾಗೆಯೇ ತೊಳೆದು ತಕ್ಷಣ ಆಸ್ಪತ್ರೆಗೆ. ಲಿಂಬೆಹಣ್ಣು, ವಿನೆಗರ್, ಮಜ್ಜಿಗೆ ಯಾವುದೂ ಗಾಯಕ್ಕೆ ಹಚ್ಚಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ವಿನೆಗರ್‌ನಿಂದ ಒರೆಸಿ ಎಂದು ವಿಡಿಯೋಗಳು ಹೇಳುತ್ತವೆ. ಶಹಾಬಾದ್ ನೆಲದ ಮೇಲೆ ಅದನ್ನು ಮಾಡಬೇಡಿ. ಹುಳಿ ತಾಕಿದರೆ ಸುಣ್ಣದ ಕಲ್ಲು ಬುಸುಗುಟ್ಟಿ ಮಂಕಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಒಂದು ತಟ್ಟೆಯಗಲದ ಕಲೆ ಇನ್ನೂ ಇದೆ. ಕೈಗವಸು ಹಾಕಿ ಹಳೆ ಬಟ್ಟೆಯಿಂದ ಒರೆಸಿ, ನೀರು ಸುರಿದು ತೊಳೆದರೆ ಸಾಕು.

ಜರ್ಮನ್ ಪಾತ್ರೆ ಬೇಡವೇ ಬೇಡ. ಅದು ಅಲ್ಯುಮಿನಿಯಂ. ಕಾಸ್ಟಿಕ್ ತಾಕಿದರೆ ಪಾತ್ರೆ ಕರಗಿ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಏಳುತ್ತದೆ. ಸ್ಟೀಲ್ ಇರಲಿ, ಅಥವಾ ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್. ಒಮ್ಮೆ ಸಾಬೂನಿಗೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ತರಬೇಡಿ.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು. ನೀರನ್ನು ಕಾಸ್ಟಿಕ್ಕಿಗೆ ಹೊಯ್ದರೆ ಕುದ್ದು ಮುಖಕ್ಕೆ ಹಾರುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಬೆಂಕಿ ಇಲ್ಲದೆಯೇ ನೀರು ಕುದಿ ಹತ್ತಿರಕ್ಕೆ ಕಾಯುತ್ತದೆ. ಅದು 40 ಡಿಗ್ರಿ ಸುಮಾರಿಗೆ ಇಳಿಯಬೇಕು. ಬೇಸಿಗೆಯಲ್ಲಿ ನಮ್ಮ ಕೋಣೆಯೇ ಅಷ್ಟು ಇರುತ್ತದೆ, ಇಳಿಯಲಿ ಅಂದರೆ ಎಲ್ಲಿಗೆ ಇಳಿಯುತ್ತದೆ? ಆಗ ನೀರಿನ ಅರ್ಧ ಪಾಲನ್ನು ಐಸ್ ತೂಗಿ ಹಾಕಿ. ಚಳಿಗಾಲದಲ್ಲಿ ಉಲ್ಟಾ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ, ಡಬ್ಬಿಯಲ್ಲಿ ಕಲ್ಲಾಗಿ ಕೂತಿರುತ್ತದೆ. ಮೊದಲು ಕರಗಿಸಿ.

ಕಾಸ್ಟಿಕ್ ನೀರು, ಎಣ್ಣೆ ಎರಡನ್ನೂ ಸೇರಿಸಿ ಹ್ಯಾಂಡ್ ಬ್ಲೆಂಡರಿನಿಂದ ತಿರುವಿದರೆ ಕೆಲವು ನಿಮಿಷಕ್ಕೆ ಅಂಬಲಿಯ ಹದ ಬರುತ್ತದೆ. ಮೇಲಿಂದ ಒಂದು ಹನಿ ಬಿಟ್ಟರೆ ಅದರ ಗುರುತು ಕ್ಷಣ ಹೊತ್ತು ನಿಲ್ಲಬೇಕು. ಆಗ ಅಚ್ಚಿಗೆ ಹೊಯ್ಯಿರಿ. ಚಳಿಗಾಲದಲ್ಲಿ ಅಚ್ಚಿಗೆ ಕೌದಿ ಹೊದಿಸುತ್ತೇನೆ. ಬೇಸಿಗೆಯಲ್ಲಿ ಹೊದಿಸಿದರೆ ಒಳಗೇ ಕಾದು ಮಧ್ಯೆ ಬಿರಿದು ಉಕ್ಕುತ್ತದೆ, ಹಾಗೇ ಬಿಡಿ. ಒಂದೆರಡು ದಿನ ಬಿಟ್ಟು ಕತ್ತರಿಸಿದರೆ ಆರು ದೊಡ್ಡ ಬಿಲ್ಲೆ ಬರುತ್ತವೆ. ಬಿದಿರಿನ ಮೊರದಲ್ಲಿ ಕಾಗದ ಹಾಸಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ನೆರಳಲ್ಲಿ ನಾಲ್ಕರಿಂದ ಆರು ವಾರ. ಕಬ್ಬಿಣದ ಜಾಳಿಗೆಯ ಮೇಲೆ ಇಟ್ಟರೆ ತಾಗಿದಲ್ಲೆಲ್ಲ ಕಮಟು ಚುಕ್ಕೆ ಏಳುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಹವೆ ನಮ್ಮ ಕಡೆಗಿದೆ. ಕರಾವಳಿಯವರ ಬಿಲ್ಲೆ ತೇವದಲ್ಲಿ ಕೂತಿರುವಾಗ ನಮ್ಮದು ಒಣಗಿ ಠಣ್ ಅನ್ನುತ್ತದೆ.

ಹಾಟ್ ಪ್ರೊಸೆಸ್

ಅದೇ ಅಳತೆ, ಅದೇ ಎಚ್ಚರ. ಹದ ಬಂದ ಮೇಲೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಒಂದೆರಡು ತಾಸು ಬೇಯಿಸುತ್ತೀರಿ. ಹಿಸುಕಿದ ಆಲೂಗಡ್ಡೆಯ ಹಾಗಾಗುತ್ತದೆ. ಅಚ್ಚಿಗೆ ಒತ್ತಿ, ಗಟ್ಟಿಯಾದ ಮೇಲೆ ಕೆಲವೇ ದಿನದಲ್ಲಿ ಬಳಸಬಹುದು. ಒಂದೆರಡು ವಾರ ಆರಲು ಬಿಟ್ಟರೆ ಇನ್ನೂ ಬಾಳಿಕೆ. ಮುಖ ಮಾತ್ರ ಒರಟು, ನುಣುಪು ಬರುವುದಿಲ್ಲ. ಮೇ ತಿಂಗಳಲ್ಲಿ ಒಲೆ ಮುಂದೆ ಎರಡು ತಾಸು ನಿಲ್ಲುವ ತಾಳ್ಮೆ ನನಗಿಲ್ಲ. ಆದರೆ ಒಳ್ಳೆಯ ಸುಗಂಧದ ಎಣ್ಣೆ ಇದ್ದರೆ ಇದೇ ಸರಿಯಾದ ದಾರಿ. ಬೆಂದು ಮುಗಿದ ಮೇಲೆ ಹಾಕುವುದರಿಂದ ಕಾಸ್ಟಿಕ್ ಅದನ್ನು ತಿನ್ನುವುದಿಲ್ಲ.

ಬಣ್ಣ, ವಾಸನೆ ಎಲ್ಲಿ ಉಳಿಯುತ್ತದೆ?

ಅರಿಷಿಣವನ್ನು ಸೋಪ್ ಬೇಸ್‌ಗೆ ಹಾಕಿದರೆ ಹಳದಿಯ ಹತ್ತಿರವೇ ಇರುತ್ತದೆ. ಕೋಲ್ಡ್ ಪ್ರೊಸೆಸ್‌ಗೆ ಹಾಕಿದ ಕೂಡಲೇ ಕೆಂಪು. ಹೆದರಬೇಡಿ. ಅರಿಷಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಾರಲ್ಲ, ಅದೇ ಆಟ. ಸಾಬೂನು ಹಣ್ಣಾಗುತ್ತಾ ಬಂದಂತೆ ಕಿತ್ತಳೆ, ಕಂದು ಕಡೆ ತಿರುಗುತ್ತದೆ. 500 ಗ್ರಾಂ ಎಣ್ಣೆಗೆ ಅರ್ಧ ಚಮಚ ಸಾಕು, ಜಾಸ್ತಿಯಾದರೆ ಟವೆಲ್ ಹಳದಿ. ಗುಲಾಬಿ ಪಕಳೆ ಕೋಲ್ಡ್ ಪ್ರೊಸೆಸ್‌ನಲ್ಲಿ ಕರಿ ಕಸದ ಹಾಗೆ ಕಾಣುತ್ತದೆ. ಹಿಟ್ಟಿಗೆ ಹಾಕಿ, ಅಲ್ಲಿ ಚೆಂದ. ಲವಂಗದ ಎಣ್ಣೆ ಬೀಳುತ್ತಲೇ ಹಸಿ ಸಾಬೂನು ಪಾತ್ರೆಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಹೂವಿನ ಸುಗಂಧಗಳೂ ಎಷ್ಟೋ ಸಲ ಹೀಗೇ ಮಾಡುತ್ತವೆ. ಹೊಸಬರು ನಿಂಬೆಹುಲ್ಲಿನ ಎಣ್ಣೆಯಿಂದ ಶುರು ಮಾಡಿ. ಅಗ್ಗಕ್ಕೆ ಸಿಗುವ "ಗಂಧದ ಎಣ್ಣೆ" ಗಂಧದ್ದಲ್ಲ, ಗಂಧದ ವಾಸನೆಯ ಸುಗಂಧ. ಅದೂ ತಪ್ಪಲ್ಲ, ಆದರೆ ಗಂಧದ ಬೆಲೆ ಕೊಡಬೇಡಿ.

ಸ್ನಾನದ ಬಾಂಬ್ ಬಗ್ಗೆಯೂ ಕೇಳುತ್ತಾರೆ. ಅಡುಗೆ ಸೋಡಾ ಎರಡು ಪಾಲು, ಲಿಂಬಿ ಉಪ್ಪು ಒಂದು ಪಾಲು, ಚೂರು ಎಣ್ಣೆ, ಒತ್ತಿ ಒಣಗಿಸುವುದು. ನೀರಿಗೆ ಬಿದ್ದರೆ ಬುಸ್ ಅನ್ನುತ್ತದೆ. ಆದರೆ ಟಬ್ ಎಲ್ಲಿದೆ? ತಂಬಿಗೆ ಸ್ನಾನದವರು ನಾವು. ಕಾಲು ನೆನೆಹಾಕುವ ಬುಟ್ಟಿಗೆ ಒಂದು ಹಾಕಿ ಮಕ್ಕಳಿಗೆ ತೋರಿಸಬಹುದು, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲಿ ತೆವಳುವ ಕೂಸು ಇದೆ, ಬೇರೆ ಕೋಣೆ ಇಲ್ಲ ಅನ್ನುವವರು ಕಾಸ್ಟಿಕ್ ಆಸೆ ಎರಡು ವರ್ಷ ಮುಂದೆ ಹಾಕಿ. ಹಿಟ್ಟು, ಅಂಟುವಾಳದಲ್ಲಿ ನಡೆಸಿ. ನಾಳೆ ಮದುವೆಗೆ ಐವತ್ತು ಬಿಲ್ಲೆ ಉಡುಗೊರೆ ಬೇಕು ಅನ್ನುವವರಿಗೆ ಬೇಸ್ ಬಿಟ್ಟು ದಾರಿಯಿಲ್ಲ. ಬೋರಿನ ನೀರೊಂದೇ ಗತಿ, ಆದರೂ ಎಣ್ಣೆಯ ಸಾಬೂನೇ ಬೇಕು ಅನ್ನುವವರು ಲಿಂಬಿ ಉಪ್ಪು ಹಾಕಿದ ಕೋಲ್ಡ್ ಪ್ರೊಸೆಸ್ ಮಾಡಿ. ಹಾಗೂ ಕೂದಲಿಗೆ ಅದನ್ನು ಹಚ್ಚಬೇಡಿ. ನಮ್ಮ ಮನೆಯಲ್ಲಿ ಮೈಗೆ ಸಾಬೂನು, ತಲೆಗೆ ಅಂಟುವಾಳ, ಹಬ್ಬಕ್ಕೆ ಹಿಟ್ಟು. ಯಾರೂ ಒಂದೇ ದಾರಿ ಹಿಡಿಯಬೇಕು ಅಂತೇನಿಲ್ಲ ಅಲ್ವಾ? ಚರ್ಮಕ್ಕೆ ಇಸುಬು, ಅಲರ್ಜಿ ಇದ್ದವರು, ಎಳೆ ಕೂಸಿನ ತಾಯಂದಿರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಎಷ್ಟು ಚೆನ್ನಾಗಿ ಮಾಡಿದರೂ ಎಣ್ಣೆಯ ಸಾಬೂನಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10ರ ಸುಮಾರು ಇರುತ್ತದೆ. ಚರ್ಮದ್ದು 5ರ ಆಸುಪಾಸು.

ಅಂಗಡಿ ಸಾಬೂನಿಗೇ ಮರಳುವವರಿಗೂ ಒಂದು ಮಾತು. ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಹುಡುಕಿ. ಸಾಬೂನಿನಲ್ಲಿ ಕೊಬ್ಬಿನಾಮ್ಲ ನೂರಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ಒಂದನೇ ದರ್ಜೆಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. "ಬಾತಿಂಗ್ ಬಾರ್" ಎಂದು ಬರೆದಿದ್ದರೆ ಅದು ಬೇರೆಯೇ ಜಾತಿ, ಈ ದರ್ಜೆಗಳು ಅದಕ್ಕಿಲ್ಲ.

ಸ್ವಸಹಾಯ ಸಂಘದ ಅಕ್ಕಂದಿರು ಕೇಳುವುದು ಮಾರಾಟದ ಬಗ್ಗೆ. ಮನೆಯಲ್ಲಿ ಬಳಸಲು, ಬೀಗರಿಗೆ ಕೊಡಲು ಯಾರ ಅಪ್ಪಣೆಯೂ ಬೇಡ. ಮಾರಲು ಮಾಡುವುದಾದರೆ ಸಾಬೂನು ಕಾನೂನಿನಲ್ಲಿ ಸೌಂದರ್ಯ ಸಾಧನದ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಅಚ್ಚು, ಡಬ್ಬಿ ಕೊಳ್ಳುವ ಮೊದಲೇ ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಕೋಲ್ಡ್ ಪ್ರೊಸೆಸ್ ಆರಿಸಿದಿರಾದರೆ ತಿಂಗಳು ನೋಡಿ ಶುರು ಮಾಡಿ. ಎಳ್ಳಮಾಸಿ, ಅಂದರೆ ಡಿಸೆಂಬರ್-ಜನವರಿಯ ಎಳ್ಳು ಅಮಾವಾಸ್ಯೆ, ಮುಗಿದ ಮೇಲೆ ಒಂದು ದಿನ ಹಿಡಿಯಿರಿ. ಎಣ್ಣೆ ಕರಗಿಸುವ ಕೆಲಸ ಒಂದು ಹೆಚ್ಚು, ಆದರೆ ಕಾಸ್ಟಿಕ್ ಬೇಗ ಆರುತ್ತದೆ, ಗಾಳಿ ಒಣಗಿರುತ್ತದೆ. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬರುವ ಹೊತ್ತಿಗೆ ಬಿಲ್ಲೆ ತಯಾರು. ಮೇ ತಿಂಗಳಲ್ಲೇ ಮಾಡಬೇಕು ಅಂದರೆ ರಾತ್ರಿಯೇ ಐಸ್ ಇಟ್ಟು, ಬೆಳಗ್ಗೆ ಐದಕ್ಕೆ ಏಳಿ. ಕೌದಿ ಪೆಟ್ಟಿಗೆಯಲ್ಲೇ ಇರಲಿ.